ಮೂರು ಲಕ್ಷ ಉಜ್ಜಿದರೆ ಮೂರು ಸಾವಿರ ಪಾಯಿಂಟು: ಮೂಗಿಗಿಂತ ಮೂಗುತಿ ಭಾರ!

ದಾವಣಗೆರೆ: ಬೆಳಿಗ್ಗೆ ಹರಿಹರದಿಂದ ಬರುವ ಬಸ್ಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆದರೆ ಮಾತಿಗೇನೂ ಬರವಿಲ್ಲ. ಮೊದಲೆಲ್ಲ ಮಳೆ, ಬೆಳೆ, ಚುನಾವಣೆ. ಈಗ ಅವುಗಳ ಜತೆಗೆ ಇನ್ನೊಂದು ಸೇರಿಕೊಂಡಿದೆ. ಅದರ ಹೆಸರು ಪಾಯಿಂಟು!

"ನಮ್ಮ ಆಫೀಸಿನವರೊಬ್ಬರು ಕಾರು ತಗೊಂಡ್ರಂತೆ. ಕ್ಯಾಷೂ ಇಲ್ಲ, ಚೆಕ್ಕೂ ಇಲ್ಲ. ಕ್ರೆಡಿಟ್ ಕಾರ್ಡ್ ಉಜ್ಜಿದ್ರಂತೆ. ಬಂದ ಪಾಯಿಂಟಿನಾಗೆ ಗಂಡ ಹೆಂಡ್ತಿ ವಿಮಾನದಾಗೆ ಹೋಗಿ ಬಂದ್ರಂತೆ!"

ಚಿಲ್ಲರೆ ಹುಡುಕುತ್ತ ನಿಂತವರ ಕಿವಿ ನೆಟ್ಟಗಾಗುತ್ತದೆ. ಅಂತೆ ಕಂತೆಗಳ ಸಂತೆ ಎಂದು ತಳ್ಳಿಹಾಕುವಂತೆಯೂ ಇಲ್ಲ. ದುಬಾರಿ ಕಾರ್ಡು ಇಟ್ಟುಕೊಂಡು, ಬಿಲ್ಲನ್ನು ಪೈಸೆ ಬಿಡದೆ ಕಟ್ಟುವವರಿಗೆ ಇಂಥ ಲಾಭ ಸಿಗುವುದುಂಟು. ಆದರೆ ಬಸ್ಸಿನ ಮಾತು ಇಳಿಯುವ ಸ್ಟಾಪಿನಲ್ಲೇ ಮುಗಿದುಹೋಗುತ್ತದೆ. ಬಿಲ್ಲಿನ ಮಾತು ಯಾರೂ ಎತ್ತುವುದಿಲ್ಲ. ಅದನ್ನು ಎತ್ತಬೇಕಾದರೆ ಮಂಡಿಪೇಟೆಯ ಕಿರಾಣಿ ಅಂಗಡಿಯೊಂದರ ಗಲ್ಲಾಪೆಟ್ಟಿಗೆಯ ಬಳಿಗೇ ಹೋಗಬೇಕು.

ಪಿಗ್ಮಿಯ ದುಡ್ಡು

ಆ ಅಂಗಡಿಯ ಸಾಹುಕಾರರು ಹೆಸರು ಬೇಡ ಎಂದಿದ್ದಾರೆ. ಅವರ ಗಲ್ಲದ ಹಿಂದೆ 'ಇಂದು ನಗದು ನಾಳೆ ಉದ್ರಿ' ಎಂಬ ಬೋರ್ಡು ತೂಗುತ್ತಿದೆ. ಬೋರ್ಡು ಬೋರ್ಡಿನ ಪಾಡಿಗೆ, ವ್ಯಾಪಾರ ವ್ಯಾಪಾರದ ಪಾಡಿಗೆ. ಆನಗೋಡು, ಮಾಯಕೊಂಡ, ಲೋಕಿಕೆರೆ ಕಡೆಯ ರೈತಾಪಿ ಗಿರಾಕಿಗಳಿಗೆ ಸುಗ್ಗಿಯವರೆಗೆ ಉದ್ರಿ ಕೊಡದಿದ್ದರೆ ಅಂಗಡಿ ನಡೆಯುವುದಿಲ್ಲ.

ಸಂಜೆ ಆರಕ್ಕೆ ಪಿಗ್ಮಿಯವನು ಬಂದರೆ 200 ರೂಪಾಯಿ. ಹಬ್ಬ ಹರಿದಿನ, ರಜೆ ಕಳೆದು ವರ್ಷಕ್ಕೆ ಮುನ್ನೂರು ದಿನ. ಐದು ವರ್ಷಕ್ಕೆ ಮೂರು ಲಕ್ಷ. ಹನಿಗೂಡಿ ಹಳ್ಳ. 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕಿನವರು ದಿನಕ್ಕೆ ಎರಡಾಣೆಯಂತೆ ಮನೆ ಬಾಗಿಲಿಗೆ ಬಂದು ಕೂಡಿಸಿಕೊಳ್ಳುವ ಈ ಪದ್ಧತಿ ಶುರುಮಾಡಿದರು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಪಿಗ್ಮಿ ಎಂಬ ಹೆಸರು ಮಾತ್ರ ಪೇಟೆಯಲ್ಲಿ ಹಾಗೇ ಉಳಿದಿದೆ.

2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಮೇಲಿನ ಜಿಎಸ್‌ಟಿ 28 ಪರ್ಸೆಂಟಿನಿಂದ 18ಕ್ಕೆ ಇಳಿಯಿತು. ಷೋರೂಮುಗಳ ಮುಂದೆ ಜಾತ್ರೆ ನೆರೆಯಿತು. ಇಷ್ಟು ವರ್ಷ ಹಳೇ ಸ್ಕೂಟರಿನಲ್ಲೇ ಕಾಲ ಕಳೆದ ಸಾಹುಕಾರರೂ ಮನಸ್ಸು ಮಾಡಿದರು. ಎಲ್ಲ ಸೇರಿ ಎಂಟು ಲಕ್ಷದ ಕಾರು. ಐದು ಲಕ್ಷ ಬ್ಯಾಂಕ್ ಸಾಲ, ಮೂರು ಲಕ್ಷ ಪಿಗ್ಮಿಯದು. ಅಕ್ಟೋಬರ್ ಒಂದು ಆಯುಧಪೂಜೆ. ಅವತ್ತೇ ಗಾಡಿ ಮನೆಗೆ ಬರಬೇಕು.

ಹಿಂದೆಲ್ಲ ಇಂಥ ಹೊತ್ತಿನಲ್ಲಿ ಚೀಲದಲ್ಲಿ ನೋಟು ತುಂಬಿಕೊಂಡು ಹೋಗುತ್ತಿದ್ದರು. 2017ರ ಏಪ್ರಿಲ್‌ನಿಂದ ಎರಡು ಲಕ್ಷ ಅಥವಾ ಅದಕ್ಕೂ ಹೆಚ್ಚು ನಗದು ತೆಗೆದುಕೊಳ್ಳುವಂತಿಲ್ಲ ಎಂಬ ಕಾನೂನು ಬಂದ ಮೇಲೆ ಚೀಲದ ಕಾಲ ಮುಗಿಯಿತು. ಚೆಕ್ಕು ಬರೆಯಲು ಸಾಹುಕಾರರು ಕನ್ನಡಕ ಹುಡುಕುತ್ತಿದ್ದಾಗ ಡಿಗ್ರಿ ಓದಿದ ಮಗ ಅಡ್ಡ ಬಂದ.

"ಅಪ್ಪಾಜಿ, ಚೆಕ್ ಕೊಟ್ರೆ ಏನ್ ಬರ್ತತಿ? ನನ್ನ ಕಾರ್ಡಿನಾಗೆ ಮೂರೂವರೆ ಲಕ್ಷ ಲಿಮಿಟ್ ಐತಿ. ಉಜ್ಜಿದ್ರೆ ಮೂರು ಸಾವಿರ ಪಾಯಿಂಟು. ಮೇಲೆ ನಲವತ್ತೈದು ದಿನ ಬಡ್ಡಿ ಇಲ್ಲ. ನಿಮ್ಮ ಮೂರು ಲಕ್ಷ ಅಲ್ಲೀತನಕ ಅಂಗಡ್ಯಾಗೆ ತಿರುಗ್ಲಿ."

"ಅಲ್ಲಪ್ಪಾ, ಪುಗಸಟ್ಟೆ ಯಾರ್ ಕೊಡ್ತಾರ?"

"ಬ್ಯಾಂಕಿನೋರು ಕೊಡ್ತಾರೆ ಬಿಡ್ರಿ."

ಬ್ಯಾಂಕಿನವರು ಎಲ್ಲಿಂದ ತಂದು ಕೊಡುತ್ತಾರೆ ಎಂದು ಅಪ್ಪನೂ ಕೇಳಲಿಲ್ಲ, ಮಗನೂ ಯೋಚಿಸಲಿಲ್ಲ. ದೀಪಾವಳಿ ಇಪ್ಪತ್ತು ದಿನ ದೂರ. ಸಕ್ಕರೆ, ಎಣ್ಣೆ, ಕೊಬ್ಬರಿ ತುಂಬಿಸಲು ಬಂಡವಾಳ ಬೇಕಿತ್ತು. ಸಾಹುಕಾರರು ಹೂಂ ಅಂದರು.

ಎರಡು ಪರ್ಸೆಂಟಿನ ಚೀಟಿ

ಷೋರೂಮಿನ ಕೌಂಟರಿನಲ್ಲಿ ಕಾರ್ಡು ನೋಡಿದ ಕೂಡಲೇ ಹುಡುಗ ಒಂದು ಮಾತು ಹೇಳಿದ: "ಸರ್, ಕ್ರೆಡಿಟ್ ಕಾರ್ಡ್ ಆದ್ರೆ ಎರಡು ಪರ್ಸೆಂಟ್ ಎಕ್ಸ್‌ಟ್ರಾ ಆಗುತ್ತೆ. ಅದಕ್ಕೆ ಜಿಎಸ್‌ಟಿ." ಹೊರಗೆ ಕಾರಿಗೆ ಮಾಲೆ ಹಾಕಿ ನಿಂಬೆಹಣ್ಣು ಇಟ್ಟಾಗಿತ್ತು. ಮುಹೂರ್ತ ಮೀರುತ್ತಿತ್ತು. ಎರಡು ಪರ್ಸೆಂಟು ತಾನೆ ಎಂದು ಮಗ ಉಜ್ಜಿದ.

ಮೂರು ಲಕ್ಷಕ್ಕೆ ಎರಡು ಪರ್ಸೆಂಟು ಅಂದರೆ 6,000 ರೂಪಾಯಿ. ಅದರ ಮೇಲೆ 18 ಪರ್ಸೆಂಟು ಜಿಎಸ್‌ಟಿ 1,080. ಒಟ್ಟು 7,080. ಕಾರ್ಡಿನಲ್ಲಿ ಏರಿದ್ದು 3,07,080 ರೂಪಾಯಿ.

ಇನ್ನು ಪಾಯಿಂಟಿನ ಲೆಕ್ಕ. ಮಗನ ಕಾರ್ಡಿನಲ್ಲಿ ನೂರು ರೂಪಾಯಿಗೆ ಒಂದು ಪಾಯಿಂಟು. ಮೂರು ಲಕ್ಷಕ್ಕೆ ಮೂರು ಸಾವಿರ. ಒಂದು ಪಾಯಿಂಟು ಅಂದರೆ ಒಂದು ರೂಪಾಯಿ ಎಂದೇ ಅವನ ಎಣಿಕೆ. ಆದರೆ ಆ ಕಾರ್ಡಿನಲ್ಲಿ ಒಂದು ಪಾಯಿಂಟಿನ ಬೆಲೆ ನಾಲ್ಕಾಣೆ, ಅಂದರೆ 25 ಪೈಸೆ! ಮೂರು ಸಾವಿರ ಪಾಯಿಂಟಿಗೆ 750 ರೂಪಾಯಿ. ಅದನ್ನು ಬಿಡಿಸಿಕೊಳ್ಳಲು 99 ರೂಪಾಯಿ ಶುಲ್ಕ, ಅದಕ್ಕೂ ಜಿಎಸ್‌ಟಿ. ಕೈಗೆ ಉಳಿದದ್ದು 633 ರೂಪಾಯಿ.

ಏಳು ಸಾವಿರ ಕೊಟ್ಟು ಆರುನೂರು ತಂದಂತಾಯಿತು. ಮೂಗಿಗಿಂತ ಮೂಗುತಿ ಭಾರ ಅನ್ನುವುದು ಇದಕ್ಕೇ.

ಪಾಯಿಂಟು ಯಾರ ಜೇಬಿನದು?

ಮಂಡಿಪೇಟೆ, ಚೌಕಿಪೇಟೆಯ ಅಂಗಡಿಯವರಿಗೆ ಈ ಪ್ರಶ್ನೆಯ ಉತ್ತರ ಬೇರೆಯವರು ಹೇಳಬೇಕಿಲ್ಲ. ಗಿರಾಕಿ ಕ್ರೆಡಿಟ್ ಕಾರ್ಡು ಉಜ್ಜಿದರೆ ಅಂಗಡಿಯವನ ಖಾತೆಗೆ ಪೂರಾ ಹಣ ಬರುವುದಿಲ್ಲ. ನೂರಕ್ಕೆ ಸುಮಾರು ಒಂದೂವರೆ, ಎರಡು ರೂಪಾಯಿ ಮುರಿದುಕೊಂಡು ಉಳಿದದ್ದು ಬರುತ್ತದೆ. ಮುರಿದ ಹಣದಲ್ಲಿ ದೊಡ್ಡ ಪಾಲು ಕಾರ್ಡು ಕೊಟ್ಟ ಬ್ಯಾಂಕಿಗೆ. ಉಳಿದದ್ದು ಮಷೀನು ಕೊಟ್ಟ ಬ್ಯಾಂಕಿಗೆ, ಮತ್ತು ವೀಸಾ, ಮಾಸ್ಟರ್‌ಕಾರ್ಡ್, ರೂಪೇ ಮುಂತಾದ ಜಾಲದವರಿಗೆ.

ಕಾರ್ಡು ಕೊಟ್ಟ ಬ್ಯಾಂಕು ತನ್ನ ಪಾಲಿನಲ್ಲಿ ಒಂದು ಚೂರು ಮುರಿದು ಗಿರಾಕಿಗೆ ಕೊಡುತ್ತದೆ. ಅದೇ ಪಾಯಿಂಟು! ಗಿರಾಕಿ 'ಪುಗಸಟ್ಟೆ' ಎಂದುಕೊಳ್ಳುವುದು ಅಂಗಡಿಯವನ ಗಲ್ಲದಿಂದ ಹೊರಟ ದುಡ್ಡೇ. ಇನ್ನೊಂದು ಮೂಲವೂ ಇದೆ. ಬಿಲ್ಲನ್ನು ಪೂರಾ ಕಟ್ಟಲಾಗದೆ ಬಡ್ಡಿ ಸುರಿಯುವವರ ಜೇಬು. ಲೆಕ್ಕ ಗೊತ್ತಿದ್ದವನು ವಿಮಾನ ಹತ್ತುತ್ತಾನೆ, ಲೆಕ್ಕ ತಪ್ಪಿದವನು ಅವನ ಟಿಕೆಟ್ಟಿಗೆ ದುಡ್ಡು ಕೊಡುತ್ತಾನೆ.

ಬಟ್ಟೆ ಅಂಗಡಿಯವನು ಸಾವಿರ ರೂಪಾಯಿಯ ಸೀರೆಯಲ್ಲಿ ಇಪ್ಪತ್ತು ರೂಪಾಯಿ ಹೋದರೆ ಸಹಿಸಿಕೊಂಡಾನು. ಕಾರಿನ ವ್ಯಾಪಾರ ಹಾಗಲ್ಲ. ಅಲ್ಲಿ ಮೊತ್ತ ದೊಡ್ಡದು, ಉಳಿಯುವ ಲಾಭ ತೆಳುವು. ಮೂರು ಲಕ್ಷಕ್ಕೆ ಆರು ಸಾವಿರ ಮುರಿಸಿಕೊಳ್ಳಲು ಯಾವ ಡೀಲರನೂ ಮುಂದೆ ಬರುವುದಿಲ್ಲ. ಆದ್ದರಿಂದ ಆ ಹೊರೆಯನ್ನು ಗಿರಾಕಿಯ ತಲೆಗೇ ಕಟ್ಟುತ್ತಾನೆ. ಇಲ್ಲವೇ ಬುಕಿಂಗ್ ಹಣಕ್ಕೆ ಮಾತ್ರ ಕಾರ್ಡು, ಉಳಿದದ್ದು ಬ್ಯಾಂಕಿನಿಂದ ಎನ್ನುತ್ತಾನೆ. ಅಮೆರಿಕದ ಡೀಲರುಗಳೂ ಇಂತಿಷ್ಟು ಡಾಲರ್‌ವರೆಗೆ ಮಾತ್ರ ಕಾರ್ಡು ಎಂದು ಗೆರೆ ಎಳೆಯುತ್ತಾರೆ. 1950ರಲ್ಲಿ ಈ ಕಾರ್ಡಿನ ವ್ಯವಹಾರ ಹುಟ್ಟಿದ್ದು ಅಲ್ಲಿನ ನ್ಯೂಯಾರ್ಕಿನಲ್ಲಿ, ಡೈನರ್ಸ್ ಕ್ಲಬ್ ಎಂಬ ಹೆಸರಿನಲ್ಲಿ. ಹೋಟೆಲಿನಲ್ಲಿ ಉಂಡು ತಿಂಗಳ ಕೊನೆಗೆ ಬಿಲ್ಲು ಕಟ್ಟಲೆಂದು ಮಾಡಿದ ಕಾರ್ಡು ಅದು. ನಮ್ಮ ಬ್ಯಾಂಕುಗಳ ಪೈಕಿ ಸೆಂಟ್ರಲ್ ಬ್ಯಾಂಕ್ 1980ರಲ್ಲಿ ಕಾರ್ಡು ತಂದಿತು. ಊಟದ ಬಿಲ್ಲಿಗೆ ಹುಟ್ಟಿದ ಕಾರ್ಡಿನ ಮೇಲೆ ಕಾರನ್ನೇ ಹೇರಿದರೆ ಭಾರವಾಗದೆ ಇನ್ನೇನು?

15 ಸಾವಿರ ಕಟ್ಟಿದರೂ ಸಾಲ ಏರಿತು!

ಏಳು ಸಾವಿರ ಹೋದರೆ ಹೋಗಲಿ, ಸಾಹುಕಾರರು ಅದನ್ನು ಹಬ್ಬದ ಖರ್ಚಿಗೆ ಬರೆದು ಮರೆತುಬಿಡುತ್ತಿದ್ದರು. ಮುಂದೆ ಆದದ್ದೇ ಬೇರೆ.

ಪಿಗ್ಮಿಯ ಮೂರು ಲಕ್ಷ ಮಾಲಾಗಿ ಅಂಗಡಿ ಸೇರಿತು. ಮಾಲು ಉದ್ರಿಯಾಗಿ ಹಳ್ಳಿ ಸೇರಿತು. ನವೆಂಬರ್‌ನಲ್ಲಿ ಮೆಕ್ಕೆಜೋಳ ಮಾರಿ ರೈತರು ಬಾಕಿ ಕೊಡುವುದು ವರ್ಷದ ವಾಡಿಕೆ. 2025ರ ನವೆಂಬರ್‌ನಲ್ಲಿ ಏನಾಯಿತೆಂದು ಜಿಲ್ಲೆಗೇ ಗೊತ್ತು. ಕ್ವಿಂಟಲಿಗೆ 2,400 ರೂಪಾಯಿ ಬೆಂಬಲ ಬೆಲೆ ಇದ್ದ ಮೆಕ್ಕೆಜೋಳದ ಧಾರಣೆ ಎರಡು ಸಾವಿರಕ್ಕಿಂತ ಕೆಳಗೆ ಬಿತ್ತು. ರೈತರು ಬೀದಿಗಿಳಿದರು. "ಇನ್ನೊಂದು ತಿಂಗಳು ತಡೀರಿ ಸಾವ್ಕಾರ್ರೆ" ಎಂದವರ ಮೇಲೆ ಜೋರು ಮಾಡುವಂತೆಯೂ ಇರಲಿಲ್ಲ.

ಉದ್ರಿ ಪಡೆದ ರೈತ ತಡೀರಿ ಅಂದರೆ ಸಾಹುಕಾರರು ತಡೆಯುತ್ತಾರೆ. ಕಾರ್ಡಿನ ಬ್ಯಾಂಕು ತಡೆಯುವುದಿಲ್ಲ. ನವೆಂಬರ್ 15 ಬಿಲ್ಲಿನ ಕೊನೆಯ ದಿನ. ಕೈಯಲ್ಲಿ ಹಣವಿಲ್ಲ. ಬಿಲ್ಲಿನ ಮೂಲೆಯಲ್ಲಿ 'ಕನಿಷ್ಠ ಪಾವತಿ 15,354 ರೂಪಾಯಿ' ಎಂದಿತ್ತು. ನೂರಕ್ಕೆ ಐದರ ಲೆಕ್ಕ. ಮಗ ಅಷ್ಟನ್ನು ಕಟ್ಟಿ, ಈ ತಿಂಗಳ ಕಂಟಕ ಕಳೆಯಿತು ಎಂದುಕೊಂಡ.

ನವೆಂಬರ್ 26ಕ್ಕೆ ಮತ್ತೊಂದು ಬಿಲ್ಲು ಬಂತು. ಬಾಕಿ 3,14,846 ರೂಪಾಯಿ! ಹದಿನೈದು ಸಾವಿರ ಕಟ್ಟಿದ ಮೇಲೆ ಸಾಲ ಇಳಿಯಬೇಕಿತ್ತು. ಬದಲಿಗೆ ಏಳು ಸಾವಿರದ ಏಳುನೂರು ಏರಿ ಕೂತಿತ್ತು. ಬ್ಯಾಂಕಿನವರು ತಪ್ಪು ಮಾಡಿದ್ದಾರೆಂದು ಮಗ ಫೋನಿನಲ್ಲಿ ಕೂಗಾಡಿದ. ತಪ್ಪು ಇರಲಿಲ್ಲ. ಕರಾರಿನಲ್ಲಿ ಬರೆದಿದ್ದೇ ಹಾಗೆ.

ಅಂಗಡಿಯ ಹಳೇ ಗುಮಾಸ್ತರು ಬಿಲ್ಲನ್ನು ತರಿಸಿ, ಖಾತೆ ಪುಸ್ತಕದ ಹಿಂದಿನ ಹಾಳೆಯಲ್ಲಿ ಲೆಕ್ಕ ಬಿಡಿಸಿದರು. "ನೋಡು ತಮ್ಮಾ, ನಲವತ್ತೈದು ದಿನ ಬಡ್ಡಿ ಇಲ್ಲ ಅನ್ನೋದು ಪೂರಾ ಕಟ್ಟಿದವರಿಗೆ. ಒಂದು ಭಾಗ ಬಾಕಿ ಉಳಿಸಿದ್ರೂ ಬಡ್ಡಿ ಉಜ್ಜಿದ ದಿನದಿಂದಾನೇ ಶುರು. ಆಯುಧಪೂಜೆ ದಿನದಿಂದ."

ಬಡ್ಡಿಯ ದರ ತಿಂಗಳಿಗೆ ನೂರಕ್ಕೆ ಮೂರೂವರೆ. ಬಡ್ಡಿಯ ಮೇಲೆ 18 ಪರ್ಸೆಂಟು ಜಿಎಸ್‌ಟಿ 63 ಪೈಸೆ. ಒಟ್ಟು ನೂರಕ್ಕೆ ನಾಲ್ಕು ರೂಪಾಯಿ ಹದಿಮೂರು ಪೈಸೆ! ಅಕ್ಟೋಬರ್ 1ರಿಂದ ನವೆಂಬರ್ 26ರವರೆಗೆ ಲೆಕ್ಕ ಹಾಕಿದರೆ ಬಡ್ಡಿ, ಜಿಎಸ್‌ಟಿ ಎರಡೂ ಸೇರಿ 23,120 ರೂಪಾಯಿ. ಕಟ್ಟಿದ 15,354 ಅದರ ಹೊಟ್ಟೆಗೇ ಸಾಲಲಿಲ್ಲ. ಇದು ಸಾಲದೆಂಬಂತೆ, ಬಾಕಿ ಇರುವಾಗ ಅದೇ ಕಾರ್ಡಿನಲ್ಲಿ ಪೆಟ್ರೋಲ್ ಹಾಕಿಸಿದರೆ ಅದಕ್ಕೂ ಮೊದಲ ದಿನದಿಂದಲೇ ಬಡ್ಡಿ.

ಸಾಹುಕಾರರು ಬಹಳ ಹೊತ್ತು ಮಾತಾಡಲಿಲ್ಲವಂತೆ. ಆಮೇಲೆ ಅಂದದ್ದು ಒಂದೇ ಮಾತು: "ನೂರಕ್ಕೆ ಎರಡು ರೂಪಾಯಿ ಬಡ್ಡಿ ತಗೊಳ್ಳೋರನ್ನ ಪೇಟ್ಯಾಗೆ ರಕ್ತ ಹೀರ್ತಾರೆ ಅಂತೀವಿ. ಇದಕ್ಕೇನಂತಾರ?"

ಇದಕ್ಕೆ ಕಾನೂನಿನಲ್ಲಿ ತಡೆ ಇಲ್ಲವೆ ಎಂದು ಕೇಳುವವರಿದ್ದಾರೆ. 2008ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗವು ಕಾರ್ಡುಗಳ ಮೇಲೆ ವರ್ಷಕ್ಕೆ 30 ಪರ್ಸೆಂಟಿಗಿಂತ ಹೆಚ್ಚು ಬಡ್ಡಿ ಹಾಕುವುದು ಅನುಚಿತ ವ್ಯಾಪಾರ ಎಂದು ಹೇಳಿತ್ತು. ಬ್ಯಾಂಕುಗಳು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದವು. 2024ರ ಡಿಸೆಂಬರ್ 20ರಂದು ಆ ಆದೇಶ ರದ್ದಾಯಿತು. ಮೂರೂವರೆ ಅಂದರೆ ವರ್ಷಕ್ಕೆ 42 ಪರ್ಸೆಂಟು. ಕಾರ್ಡು ತೆಗೆದುಕೊಂಡವನು ಆ ದರಕ್ಕೆ ಸಹಿ ಹಾಕಿಯೇ ಇರುತ್ತಾನೆ.

ಅವಲಕ್ಕಿ ಸರ ಬ್ಯಾಂಕಿಗೆ

ಕೊನೆಗೆ ದಾರಿ ತೋರಿಸಿದವರು ಮನೆಯ ಯಜಮಾನಿ. ಡಿಸೆಂಬರ್ ಮೊದಲ ವಾರದಲ್ಲಿ ಮದುವೆಯಲ್ಲಿ ಬಂದ ಅವಲಕ್ಕಿ ಸರ, ಬಳೆ ಬ್ಯಾಂಕಿನಲ್ಲಿ ಅಡವಿಗೆ ಹೋದವು. ವರ್ಷಕ್ಕೆ ಹತ್ತು ಪರ್ಸೆಂಟಿನ ಸಾಲ. ಕಾರ್ಡಿನ ಬಾಕಿ ಪೂರಾ ಚುಕ್ತಾ. ಕಾರ್ಡಿನಲ್ಲೇ ಬಿಟ್ಟಿದ್ದರೆ ತಿಂಗಳಿಗೆ ಹದಿಮೂರು ಸಾವಿರ ಬಡ್ಡಿ. ಬಂಗಾರದ ಸಾಲಕ್ಕೆ ತಿಂಗಳಿಗೆ 2,600 ರೂಪಾಯಿ. ಲೆಕ್ಕದಲ್ಲಿ ಇದು ಸರಿಯಾದ ನಡೆ. ಆದರೆ ಸಂಕ್ರಾಂತಿಗೆ ಆ ತಾಯಿ ಬರಿಗೊರಳಲ್ಲಿ ಎಳ್ಳು ಬೀರಿದರು. ಅದಕ್ಕೆ ಯಾವ ಬ್ಯಾಂಕು ಪಾಯಿಂಟು ಕೊಡುತ್ತದೆ?

ಗುಮಾಸ್ತರ ಹಾಳೆಯ ಕೊನೆಯ ಸಾಲು ಹೀಗಿದೆ: ಹೋದದ್ದು 7,080 ಮತ್ತು 23,120, ಒಟ್ಟು 30,200 ರೂಪಾಯಿ. ಬಂದದ್ದು 633. ನವೆಂಬರ್ 26ರ ನಂತರ ಸರ ಅಡವಿಟ್ಟು ತೀರಿಸುವವರೆಗಿನ ಕೆಲವು ದಿನಗಳ ಬಡ್ಡಿ ಬೇರೆ.

ಇದೂ ಒಂದು ಪುಣ್ಯ ಎನ್ನಬೇಕು. ಕನಿಷ್ಠ ಮೊತ್ತವನ್ನೂ ಕಟ್ಟದೆ ಬಿಟ್ಟಿದ್ದರೆ, ಗಡುವು ದಾಟಿ ಮೂರು ದಿನವಾದ ಮೇಲೆ ದಂಡ, ಸಿಬಿಲ್ ಪಟ್ಟಿಯಲ್ಲಿ ಕಪ್ಪು ಚುಕ್ಕೆ. ಮುಂದೆ ಅಂಗಡಿಗೆ ಸಾಲ ಕೇಳಲು ಹೋದರೆ ಮ್ಯಾನೇಜರ್ ಮುಖ ತಿರುಗಿಸುತ್ತಿದ್ದರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು.

ಲಾಭವೇ ಇಲ್ಲವೆ?

ಇದೆ. ಆದರೆ ಮೂರು ಷರತ್ತು.

ಒಂದು, ಷೋರೂಮಿನವರು ಕಾರ್ಡಿಗೆ ಹೆಚ್ಚಿನ ಹಣ ಕೇಳಬಾರದು. ಎರಡು, ಅಷ್ಟೂ ಹಣ ಆಗಲೇ ಬ್ಯಾಂಕಿನಲ್ಲಿ ಇರಬೇಕು, ಅದನ್ನು ಬಿಲ್ಲು ಕಟ್ಟುವವರೆಗೆ ಯಾರೂ ಮುಟ್ಟಬಾರದು. ಮೂರು, ಪಾಯಿಂಟಿನ ನಿಜವಾದ ಬೆಲೆ ಪೈಸೆಯಲ್ಲಿ ಗೊತ್ತಿರಬೇಕು. ತಿಂಗಳಿಗೆ ಇಂತಿಷ್ಟೇ ಪಾಯಿಂಟು ಎಂದು ಮಿತಿ ಹಾಕಿದ ಕಾರ್ಡುಗಳೂ ಇವೆ, ಅದನ್ನೂ ನೋಡಬೇಕು.

ಈ ಮೂರೂ ಕೂಡಿಬಂದು, ನೂರಕ್ಕೆ ಒಂದು ರೂಪಾಯಿ ಹಿಂದಿರುಗುವ ಕಾರ್ಡಾದರೆ ಮೂರು ಲಕ್ಷಕ್ಕೆ 3,000 ರೂಪಾಯಿ. ಉಳಿತಾಯ ಖಾತೆಯಲ್ಲಿ ಎರಡೂವರೆ ಪರ್ಸೆಂಟಿನಂತೆ 45 ದಿನದ ಬಡ್ಡಿ 925. ಒಟ್ಟು ನಾಲ್ಕು ಸಾವಿರದ ಒಳಗೆ. ಬ್ಯಾಂಕಿನಲ್ಲಿ ಓಡಿ ಖಾತೆ ಇರುವ ವರ್ತಕರಿಗೆ ಇನ್ನೂ ಸ್ವಲ್ಪ ಹೆಚ್ಚು. ಹತ್ತು ಪರ್ಸೆಂಟಿನ ಓಡಿ ಆದರೆ 45 ದಿನಕ್ಕೆ ಸುಮಾರು 3,700 ರೂಪಾಯಿ ಬಡ್ಡಿ ಉಳಿಯುತ್ತದೆ. ಆದರೆ ಎರಡು ಪರ್ಸೆಂಟಿನ ಚೀಟಿ ಬಂತೋ, ಇದೆಲ್ಲ ಕೂಡಿಸಿದರೂ 7,080 ತುಂಬುವುದಿಲ್ಲ.

ಇನ್ನು ಬೇರೆ ದಾರಿಗಳು. ಬುಕಿಂಗ್ ಹಣವನ್ನು ಹೆಚ್ಚಿನ ಶುಲ್ಕವಿಲ್ಲದೆ ಕಾರ್ಡಿನಲ್ಲಿ ತೆಗೆದುಕೊಂಡರೆ ಅಷ್ಟಕ್ಕೆ ಉಜ್ಜಬಹುದು. ಉಳಿದದ್ದು ಆರ್‌ಟಿಜಿಎಸ್ ಅಥವಾ ಚೆಕ್ಕು. ಡೆಬಿಟ್ ಕಾರ್ಡಿನ ಮಾತೇ ಬೇರೆ. 2018ರ ಜನವರಿಯಿಂದ ಜಾರಿಯಾದ ರಿಸರ್ವ್ ಬ್ಯಾಂಕ್ ನಿಯಮದಂತೆ ಡೆಬಿಟ್ ಕಾರ್ಡಿಗೆ ದೊಡ್ಡ ವ್ಯಾಪಾರಿಯಿಂದ ಮುರಿಯುವ ಹಣ ಎಷ್ಟೇ ಮೊತ್ತವಾದರೂ ಒಂದು ಸಾವಿರ ದಾಟುವಂತಿಲ್ಲ. ಅದನ್ನೂ ಗಿರಾಕಿಯ ಮೇಲೆ ಹಾಕಬಾರದು.

ಇನ್ನೊಂದು ಮಾತು ಚೌಕಾಶಿ ಬಲ್ಲವರಿಗೆ. "ಕಾರ್ಡ್ ಬ್ಯಾಡ, ಇವತ್ತೇ ಪೂರಾ ಆರ್‌ಟಿಜಿಎಸ್ ಮಾಡ್ತೀನಿ. ಏನ್ ಬಿಡ್ತೀರಿ?" ಎಂದು ಕೇಳಿ ನೋಡಬೇಕು. ಸೀಟಿಗೆ ಕವರು, ಕಾಲಿಗೆ ಮ್ಯಾಟು ಸಿಕ್ಕರೂ ಅದರ ಬೆಲೆ ಮೂರು ಸಾವಿರ ಪಾಯಿಂಟಿಗಿಂತ ಹೆಚ್ಚು.

ಕಾರು ಕೊಳ್ಳದವರಿಗೂ

ಇದು ಕಾರಿನವರ ಚಿಂತೆ, ನಮಗೇಕೆ ಎಂದು ಬಸ್ಸಿನಲ್ಲಿ ನಿಂತು ಓದುವವರು ಪುಟ ತಿರುವಬಾರದು. ಸ್ಕೂಟರ್, ಫ್ರಿಜ್, ಮೊಬೈಲು, ಮಗನ ಕಾಲೇಜಿನ ಫೀಜು, ಎಲ್ಲಿ ಉಜ್ಜಿದರೂ ಇದೇ ಲೆಕ್ಕ. ಬಿಲ್ಲಿನಲ್ಲಿ 'ಕನಿಷ್ಠ ಪಾವತಿ' ಎಂದು ಬರೆದ ಮೊತ್ತ ಬ್ಯಾಂಕಿಗೆ ಅನುಕೂಲ, ಕಟ್ಟುವವನಿಗಲ್ಲ. ನೋಡಬೇಕಾದದ್ದು 'ಒಟ್ಟು ಬಾಕಿ'. ಅಷ್ಟು ಕಟ್ಟಲಾಗದಿದ್ದರೆ ಕಡಿಮೆ ಬಡ್ಡಿಯ ಬೇರೆ ಸಾಲಕ್ಕೆ ಅದೇ ವಾರ ಬದಲಾಯಿಸಿಕೊಳ್ಳಬೇಕು, ಮುಂದಿನ ಬಿಲ್ಲಿಗೆ ಕಾಯಬಾರದು.

ಕೇಳದೆ ಕಾರ್ಡು ಕಳಿಸುವಂತಿಲ್ಲ. ಬೇಡವೆಂದು ಬರೆದುಕೊಟ್ಟರೆ, ಬಾಕಿ ಇಲ್ಲದ ಕಾರ್ಡನ್ನು ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು, ತಡವಾದರೆ ದಿನಕ್ಕೆ 500 ರೂಪಾಯಿ ಬ್ಯಾಂಕೇ ಕೊಡಬೇಕು. 2022ರಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ನಿಯಮವಿದು. ದೂರನ್ನು ಮೊದಲು ಬ್ಯಾಂಕಿಗೆ ಬರೆದು ಕೊಡಬೇಕು. ಮೂವತ್ತು ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ. ಅದಕ್ಕೆ ಫೀಜಿಲ್ಲ, ವಕೀಲರೂ ಬೇಕಿಲ್ಲ.

ಮಂಡಿಪೇಟೆಯ ಅಂಗಡಿಯ ಮುಂದೆ ಕಾರು ನಿಂತಿದೆ. ಹೊಸ ಗಾಡಿ, ಹಣೆಯ ಮೇಲಿನ ಕುಂಕುಮ ಇನ್ನೂ ಪೂರಾ ಅಳಿಸಿಲ್ಲ. ಮಗ ಈಗ ಬೆಳಿಗ್ಗೆ ಏಳಕ್ಕೇ ಗಲ್ಲದ ಮೇಲೆ ಕೂರುತ್ತಾನೆ. ಅಮ್ಮನ ಸರ ಬಿಡಿಸುವವರೆಗೆ ಕಾರ್ಡು ಮುಟ್ಟುವುದಿಲ್ಲವೆಂದು ಅದನ್ನು ಗುಮಾಸ್ತರ ಕೈಗೇ ಕೊಟ್ಟಿದ್ದಾನೆ. ಅವರು ಅದನ್ನು ಖಾತೆ ಪುಸ್ತಕದಲ್ಲಿ, ಆ ಲೆಕ್ಕದ ಹಾಳೆಯ ನಡುವೆ ಇಟ್ಟಿದ್ದಾರೆ.

ಸಂಜೆ ಆರಕ್ಕೆ ಪಿಗ್ಮಿಯವನು ಬಂದ. ಸಾಹುಕಾರರು ಎಂದಿನಂತೆ 200 ರೂಪಾಯಿ ಎಣಿಸಿ ಕೊಟ್ಟರು. ಮಗ ತನ್ನ ಜೇಬಿನಿಂದ ಇನ್ನೊಂದು ನೂರು ತೆಗೆದು ಮೇಲಿಟ್ಟ.

"ಇದನ್ನೂ ಬರ್ಕೊಳ್ರಿ. ಅಮ್ಮನ ಹೆಸರಿಗೆ."